ಬಾಗಿಲಲ್ಲಿ ನಡೆದ ಕನ್ನಡ ಶಾಲೆ

ಮೊನ್ನೆ ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಟಿಕೆಟ್ ತಪಾಸಣೆಯ ಹೆಂಗಸು ನನ್ನನ್ನು ನಿಲ್ಲಿಸಿ ಪಾಸು ಕೇಳಿದಳು. ಕೈಚೀಲದೊಳಗೆ ತಡಕಾಡಿ, ಬೆರಳಿಗೆ ಸಿಕ್ಕಿದ್ದನ್ನು ಅವಳ ಮುಂದೆ ಹಿಡಿದೆ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಒಂದು ಬದಿಗೆ ಬಂಗಾರದ ಬಣ್ಣದ ಅರ್ಧ ಗಣಪತಿ, ಇನ್ನೊಂದು ಬದಿಗೆ ನೀಲಿ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದ ‘ಷ್ಟ’.

“ಮ್ಯಾಡಮ್, ಹಾ ಪಾಸ್ ನಾಹಿಯೇ,” ಎಂದಳು.

ಪಾಸಲ್ಲವೆಂದು ನನಗೂ ಕಾಣುತ್ತಿತ್ತು. ಆದರೆ ಆ ರಟ್ಟಿನ ಚೂರು ನನ್ನ ಚೀಲದಲ್ಲಿ ಉಳಿದಿದೆಯೆಂದು ಗೊತ್ತಿರಲಿಲ್ಲ. ಅದನ್ನೇ ನೋಡುತ್ತ ನಿಂತುಬಿಟ್ಟೆ. ಸೇತುವೆಯ ಕಟಕಟೆ ಹಿಡಿದುಕೊಂಡೆ. ಕಳ್ಳ ಪ್ರಯಾಣಿಕರ ಇಂಥ ನಾಟಕಗಳನ್ನು ದಿನಕ್ಕೆ ಹತ್ತು ನೋಡುವ ಆಕೆಗೂ ಕೊನೆಗೆ ಕನಿಕರ ಬಂತು. ತಾನೇ ನನ್ನ ಚೀಲದ ಪಕ್ಕದ ಜಿಪ್ಪು ತೆಗೆದು ಪಾಸು ಹುಡುಕಿ, ನೋಡಿ, ಮತ್ತೆ ಅಲ್ಲೇ ಇಟ್ಟಳು. “ಪಾಣಿ ಪ್ಯಾ, ತಾಈ” ನೀರು ಕುಡಿಯಿರಿ ಅಕ್ಕಾ ಎಂದು ಹೇಳಿ ಇನ್ನೊಬ್ಬರನ್ನು ಹಿಡಿಯಲು ಹೋದಳು.

ಅಂಥ ಚೂರುಗಳು ನಲವತ್ತೋ ಐವತ್ತೋ ಇದ್ದವು. ಉಳಿದವೆಲ್ಲ ದಿವಾ ಸ್ಟೇಷನ್ನಿಗೆ ಸ್ವಲ್ಪ ಮುಂಚೆ ಹಳಿಗಳ ನಡುವಿನ ಜಲ್ಲಿಯ ಮೇಲೆ ಬಿದ್ದುಹೋದವು.

ಲಗ್ನಪತ್ರಿಕೆಗಳನ್ನು ಕತ್ತರಿಸಿ ಇಟ್ಟುಕೊಳ್ಳುವುದು ನನಗೆ ಅಪ್ಪನಿಂದ ಬಂದ ರೋಗ. ಬಾಗಲಕೋಟೆಯ ನಮ್ಮ ಮನೆಯಲ್ಲಿ ಯಾವ ಲಗ್ನಪತ್ರಿಕೆಯನ್ನೂ ಎಸೆಯುತ್ತಿರಲಿಲ್ಲ. ಅಪ್ಪ ತಾಲೂಕು ಕಚೇರಿಯ ಗುಮಾಸ್ತ. ಖಾಲಿ ಕಾಗದ ಕಂಡರೆ ಅವನಿಗೆ ಹಸಿವಾಗುತ್ತಿತ್ತು. ಕಿರಾಣಿ ಯಾದಿ, ಉಪ್ಪಿನಕಾಯಿ ಭರಣಿಯ ಮೇಲಿನ ಹೆಸರು, ಅಮ್ಮನ ರವಿಕೆಯ ಅಳತೆ, ಎಲ್ಲವೂ ಯಾರದೋ ಮದುವೆಯ ಬೆನ್ನ ಮೇಲೆಯೇ. ನನ್ನ ಮದುವೆಯ ಮಾತುಕತೆಯ ದಿನ ಗಂಡಿನ ಕಡೆಯವರ ವಿಳಾಸವನ್ನು ಅಪ್ಪ ಬರೆದುಕೊಂಡದ್ದು ಕೂಡ ಅಂಥದೊಂದರ ಹಿಂದೆ. ಆ ವಿಳಾಸ ಹಿಡಿದು ನಾನು ಡೊಂಬಿವಲಿಗೆ ಬಂದು ಇಪ್ಪತ್ತಾರು ವರ್ಷಗಳಾದವು.

ಅಕ್ಷರ ಕಲಿಸುವ ಚಟ ಬಂದದ್ದು ಬೇರೆಯವರಿಂದ. ನಮ್ಮ ಮುನಸಿಪಾಲಿಟಿ ಶಾಲೆಯಲ್ಲಿ ರತ್ನಾಬಾಯಿ ಅಕ್ಕೋರು ಎಂದು ಇದ್ದರು. ನಮ್ಮ ಕಡೆ ಶಾಲೆಯ ಶಿಕ್ಷಕಿಯರಿಗೆ ಅಕ್ಕೋರು ಎನ್ನುವುದೇ ವಾಡಿಕೆ. ಪಾಟಿ ಇಲ್ಲದ ಮಕ್ಕಳನ್ನು ಅವರು ವರಾಂಡದ ಫರಸಿಯ ಮೇಲೆ ಕೂರಿಸುತ್ತಿದ್ದರು. ನಡುವೆ ಒಂದು ತಂಬಿಗೆ ನೀರು. ಬೆರಳು ಅದ್ದಿ ಒತ್ತಕ್ಷರ ಬರೆಯಬೇಕು. ಬಾಗಲಕೋಟೆಯ ಬೇಸಿಗೆಯಲ್ಲಿ ತಲೆ ಬರೆದು ಒತ್ತಿಗೆ ಬರುವಷ್ಟರಲ್ಲಿ ತಲೆಯೇ ಆರಿಹೋಗಿರುತ್ತಿತ್ತು. “ಲಗೂ ಲಗೂ ಬರೀರಿ, ಸೂರ್ಯ ಅಳಸಾಕತ್ಯಾನ” ಎನ್ನುತ್ತಿದ್ದರು ಅಕ್ಕೋರು. ನಾನು ತರಗತಿಯಲ್ಲೇ ಜೋರು. ಆ ಜೋರನ್ನು ಮುಂದೆ ಎಲ್ಲಿ ಖರ್ಚು ಮಾಡುವುದೆಂದು ತಿಳಿಯದೆ ಬಿ.ಎ. ಮಾಡಿ, ಠಾಣೆಯ ಒಂದು ವಿಮಾ ಕಚೇರಿಯಲ್ಲಿ ಇಂಗ್ಲಿಷ್ ಫಾರ್ಮುಗಳನ್ನು ತುಂಬುತ್ತ ಕುಳಿತೆ. ಮನೆಯ ಕಿರಾಣಿ ಯಾದಿಯನ್ನು ಈಗ ಮರಾಠಿಯಲ್ಲಿ ಬರೆಯುತ್ತೇನೆ, ಅಂಗಡಿಯವನಿಗೆ ಓದಲು ಬರಬೇಕಲ್ಲ. ಹೀಗಿರುವ ನಾನು ಕನ್ನಡದ ಬಗ್ಗೆ ನಿಯಮ ಮಾಡಿದೆ.

ನಿಯಮದ ಕಥೆ ಹೇಳಬೇಕು. ನಮ್ಮದೊಂದು ಚಿಕ್ಕ ಕನ್ನಡ ಸಂಘ. ಠಾಣೆ ಪೂರ್ವದ ಕೋಪರಿಯಲ್ಲಿ ಒಬ್ಬ ಸದಸ್ಯರ ಗೋದಾಮಿನ ಮೇಲಿನ ಕೋಣೆಯೇ ಅದರ ಕಚೇರಿ. ಇಲ್ಲಿ ಕಟ್ಟಡ ಕೆಲಸಕ್ಕೂ ಹಮಾಲಿಗೂ ಬಂದ ಕಲಬುರಗಿ, ರಾಯಚೂರು, ವಿಜಯಪುರದ ಮಂದಿಯ ಮಕ್ಕಳಿಗೆ ಪ್ರತಿ ವರ್ಷ ವಿದ್ಯಾರ್ಥಿವೇತನ ಕೊಡುತ್ತೇವೆ. ಹಣ ಕೊಟ್ಟು ಕೈ ತೊಳೆದುಕೊಳ್ಳಬಾರದೆಂದು ಒಂದೊಂದು ಮಗುವಿಗೆ ಒಬ್ಬೊಬ್ಬ ಸದಸ್ಯರನ್ನು ಗಂಟು ಹಾಕುತ್ತೇವೆ. ಅವರು ಓದಿನ ಮೇಲೆ ಕಣ್ಣಿಡಬೇಕು, ಕಾಲೇಜಿಗೆ ಹೋಗಿ ವಿಚಾರಿಸಬೇಕು, ಮಂಜೂರಾದ ಪತ್ರವನ್ನು ತೆಂಗಿನಕಾಯಿ ಮತ್ತು ಕುಬಸದ ಖಣದ ಜೊತೆ ಸ್ವತಃ ಮನೆಗೆ ಒಯ್ದು ತಾಯಿಯ ಸಹಿ ತರಬೇಕು. ಮೂರು ವರ್ಷದ ಹಿಂದೆ ಸಭೆಯಲ್ಲಿ ನಾನು ಎದ್ದು ನಿಂತು, ಈ ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಆದರೆ ಬರೆಯಲು ಬಾರದು, ಉತ್ತರವನ್ನೂ ಹಿಂದಿಯಲ್ಲೇ ಕೊಡುತ್ತಾರೆ, ಆದ್ದರಿಂದ ಅರ್ಜಿಯನ್ನು ಸಮಿತಿಯ ಎದುರು ಕೂತು, ತಮ್ಮ ಕೈಯಿಂದಲೇ, ಕನ್ನಡದಲ್ಲಿ ಬರೆಯಬೇಕು ಎಂದು ಸೂಚಿಸಿದೆ. ಚಪ್ಪಾಳೆ ಬಿತ್ತು. ಅಧ್ಯಕ್ಷರಾದ ಹಿರೇಮಠ ಕಾಕಾ, “ವಿಜಯಾಬಾಯಿ ಸರಿಯಾಗಿ ಕಿವಿ ಹಿಂಡಿದ್ರು” ಎಂದರು. ಆ ರಾತ್ರಿ ನಾನು ಗಂಡನಿಗೆ ಆ ಮಾತನ್ನು ಎರಡು ಸಲ ಹೇಳಿದೆ.

ಈ ವರ್ಷ ನನ್ನ ಪಾಲಿಗೆ ಬಂದವಳು ರೇಣುಕಾ. ಹತ್ತೊಂಬತ್ತರ ಹುಡುಗಿ, ಠಾಣೆಯ ಕಾಲೇಜೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಓದುತ್ತಾಳೆ. ಮನೆ ಬದಲಾಪುರದಲ್ಲಿ. ತಾಯಿ ನಾಗಮ್ಮ ಅಲ್ಲಿನ ಏಳುವ ಕಟ್ಟಡಗಳಲ್ಲಿ ಸಿಮೆಂಟಿನ ಬುಟ್ಟಿ ಹೊರುತ್ತಾಳೆ. ತಂದೆ ನವಿ ಮುಂಬಯಿಯ ಸಗಟು ಮಾರುಕಟ್ಟೆಯಲ್ಲಿ ಹಮಾಲ; ಅಲ್ಲೇ ಮಲಗಿ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಅವನು ಮಗಳಿಗೆ ಸ್ಪಷ್ಟವಾಗಿ ಹೇಳಿಬಿಟ್ಟಿದ್ದ: ಸಂಘದಿಂದ ವೇತನ ಸಿಕ್ಕರೆ ಎರಡನೇ ವರ್ಷ, ಸಿಗದಿದ್ದರೆ ತಳೋಜಾದಲ್ಲಿ ಪ್ಯಾಕಿಂಗ್ ಕೆಲಸ ನೋಡಿಟ್ಟಿದ್ದೇನೆ.

ಮೊದಲ ಭೇಟಿಯಲ್ಲಿ ರೇಣುಕಾ ನನ್ನ ಮುಂದೆ ಕೈಕಟ್ಟಿ ನಿಂತಿದ್ದಳು. ನಾನು ಕನ್ನಡದಲ್ಲಿ ಕೇಳಿದೆ, ಅವಳು ಹಿಂದಿಯಲ್ಲಿ ಹೇಳಿದಳು.

“ಸಮಝತಿ ಸಬ್ ಹೂಂ, ಮ್ಯಾಡಮ್. ಲಿಖ್ನಾ ನಹೀ ಆತಾ.”

“ಮನೆಯಲ್ಲಿ ಅವ್ವನ ಜೊತೆ ಏನು ಮಾತಾಡ್ತಿ?”

“ಕನ್ನಡಾನೇ. ಪರ್ ಅವ್ವನೂ ಲಿಖ್ನಾ ನಹೀ ಜಾನತಿ ನಾ.” ನಕ್ಕಳು.

ಕಲಿಸುವುದು ಯಾವಾಗ? ಬೆಳಿಗ್ಗೆ ಕಾಲೇಜು, ಸಂಜೆ ಒಂದು ಲ್ಯಾಬಿನಲ್ಲಿ ರಕ್ತದ ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸ. “ಸಂಡೇ ಕೋ?” ಎಂದು ಅವಳು ಕೇಳಿದ್ದಳು. ಕೇಳಿದ್ದಳು ಎಂಬುದನ್ನು ಇಲ್ಲಿ ಬರೆದೇ ಮುಂದೆ ಹೋಗಬೇಕು. ಭಾನುವಾರ ನನಗೆ ತಲೆಗೆ ಎಣ್ಣೆ, ದೋಸೆ ಹಿಟ್ಟು, ಮಧ್ಯಾಹ್ನದ ನಿದ್ದೆ. ಬದಲಾಪುರದ ತನಕ ಯಾರು ಹೋಗುತ್ತಾರೆ? ಆಗ ನನಗೆ ಹೊಳೆಯಿತು: ನಾವಿಬ್ಬರೂ ಬೆಳಿಗ್ಗೆ ಠಾಣೆಗೆ ಹೋಗುವವರೇ ಅಲ್ಲವೇ? ಅವಳು ಹತ್ತುವ ಬದಲಾಪುರ ಫಾಸ್ಟ್ ಗಾಡಿ ಡೊಂಬಿವಲಿಯಲ್ಲಿ ನಿಲ್ಲುತ್ತದೆ. ಮುಂದಿನ ಮಹಿಳಾ ಡಬ್ಬಿ, ಮೊದಲ ಬಾಗಿಲು. ಡೊಂಬಿವಲಿಯಿಂದ ಠಾಣೆಯವರೆಗೆ ಇಪ್ಪತ್ತು ನಿಮಿಷ, ದಿನಕ್ಕೆರಡು ಒತ್ತಕ್ಷರ. ಮುಂಬಯಿಯ ಹೆಂಗಸರು ಗಾಡಿಯಲ್ಲೇ ಬಟಾಣಿ ಸುಲಿಯುತ್ತಾರೆ, ಭಜನೆ ಮಾಡುತ್ತಾರೆ, ಹುಟ್ಟುಹಬ್ಬ ಆಚರಿಸುತ್ತಾರೆ. ಕನ್ನಡ ಯಾಕೆ ಆಗಬಾರದು?

ನಮ್ಮ ಊರಿನ ಗಾಡಿಗಳ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಡೊಂಬಿವಲಿಯಿಂದಲೇ ಹೊರಡುವ ಗಾಡಿಗಳಿವೆ, ಅವುಗಳಲ್ಲಿ ನನಗೆ ದಿನವೂ ಕೂರಲು ಜಾಗ ಸಿಗುತ್ತಿತ್ತು. ಬದಲಾಪುರದಿಂದ ಬರುವ ಗಾಡಿ ಮಾತ್ರ ನಮ್ಮಲ್ಲಿಗೆ ಬರುವಷ್ಟರಲ್ಲಿ ಹೊಲಿದ ಗೋಣಿಚೀಲದಂತೆ ಬಿಗಿದಿರುತ್ತದೆ. ಬಾಗಿಲಲ್ಲಿ ನಿಂತ ಹೆಂಗಸರು ನಮ್ಮನ್ನು ಹತ್ತಲು ಬಿಡುವುದಿಲ್ಲ. “ತುಮಚೀ ಡೊಂಬಿವಲಿ ಲೋಕಲ್ ಆಹೇ ನಾ? ತೀ ಪಕಡಾ” ಎಂದು ನಿಮ್ಮದೇ ಗಾಡಿ ಹಿಡಿಯಿರಿ ಎನ್ನುತ್ತಾರೆ. ಅವರು ಹೇಳುವುದು ನ್ಯಾಯವೇ. ಆದರೆ ನನಗೆ ಪಾಠವಿತ್ತು.

ಮೊದಲ ದಿನ ನಾನು ಪ್ಲಾಟ್‌ಫಾರ್ಮಿನಲ್ಲೇ ಉಳಿದೆ. ಎರಡನೆಯ ದಿನವೂ ಉಳಿದೆ. ಮೂರನೆಯ ದಿನ ಗಾಡಿ ಬಂದಾಗ ಬಾಗಿಲಿನ ಹೆಂಗಸರ ನಡುವಿನಿಂದ ಒಂದು ಕೈ ಹೊರಗೆ ಚಾಚಿತು, ಹಸಿರು ಗಾಜಿನ ಎರಡು ಬಳೆ ಇದ್ದ ಕೈ. “ಮ್ಯಾಡಮ್, ಇಧರ್.” ಹಿಡಿದೆ. ಅವಳು ಎಳೆದಳು. ನಾನು ಬಾಟಲಿಯ ಬಿರಡೆಯಂತೆ ಒಳಗೆ ಹೊಕ್ಕೆ. ಅಂದಿನಿಂದ ಇದೇ ಕ್ರಮವಾಯಿತು. ನಾಲ್ಕು ತಿಂಗಳು ನಾನು ಆ ಕೈ ಹಿಡಿದು ಹತ್ತಿದೆ. ಹತ್ತಿ, ಬಾಗಿಲಿನ ಪಕ್ಕದ ತಗಡಿನ ಅಡ್ಡಗೋಡೆಗೆ ಬೆನ್ನು ಒರಗಿಸಿ, ಚೀಲದಿಂದ ಲಗ್ನಪತ್ರಿಕೆಯ ಚೂರು ತೆಗೆದು ಹಿಡಿಯುತ್ತಿದ್ದೆ. ಅವಳು ನನ್ನೆದುರು ನಿಂತು ಓದುತ್ತಿದ್ದಳು, ಗಾಳಿಯಲ್ಲಿ ಬೆರಳಿಂದ ತಿದ್ದುತ್ತಿದ್ದಳು.

ಡಬ್ಬಿಯವರೆಲ್ಲ ನಮ್ಮ ಶಾಲೆಯನ್ನು ಬಲ್ಲರು. ಬಾಗಿಲ ಹತ್ತಿರದ ಸೀಟಿನಲ್ಲಿ ಶೋಭಾತಾಈ ಎಂಬ ಗಟ್ಟಿ ಮೈಕಟ್ಟಿನ ಹೆಂಗಸು ಕೂರುತ್ತಿದ್ದರು, ಠಾಣೆಯ ಆಸ್ಪತ್ರೆಯೊಂದರಲ್ಲಿ ಆಯಾ. ಸದಾ ಮಡಿಲಲ್ಲಿ ಸೊಪ್ಪು ಬಿಡಿಸುತ್ತಿರುತ್ತಿದ್ದರು.

“ಕಾಯ್ ಗ ರೇಣು, ಆಜ್ ಕಿತೀ ಜಿಲೇಬ್ಯಾ ತಳಲ್ಯಾ?” ಇವತ್ತು ಎಷ್ಟು ಜಿಲೇಬಿ ಕರಿದೆ ಎಂದು ನಮ್ಮ ದುಂಡು ಲಿಪಿಯನ್ನು ಕೆಣಕುವರು.

“ದೋನ್, ತಾಈ. ಪಾಕ ಬಾಕಿ ಹೈ.”

“ತುಝ್ಯಾ ಮ್ಯಾಡಮ್‌ಲಾ ಸಾಂಗ್, ಏಕ ಮಲಾ ಪಣ ದ್ಯಾ. ಗರಮ್.” ನನಗೂ ಒಂದು ಬಿಸಿ ಜಿಲೇಬಿ ಕೊಡಿಸು ಎಂದು ಅವರು ಕೇಳಿದರೆ ಡಬ್ಬಿಯೆಲ್ಲ ನಗುತ್ತಿತ್ತು.

ನಾನು ಇದನ್ನೆಲ್ಲ ಸಂಘದ ವಾಟ್ಸಾಪಿನಲ್ಲಿ ಹಾಕುತ್ತಿದ್ದೆ. ‘ಲೋಕಲ್ ಶಾಲೆ’ ಎಂದು ಹೆಸರನ್ನೂ ಇಟ್ಟೆ. ಖಾರಘರದ ಸದಸ್ಯರೊಬ್ಬರು ತಾವೂ ಹಾರ್ಬರ್ ಲೈನಿನಲ್ಲಿ ಶುರು ಮಾಡುವುದಾಗಿ ಬರೆದರು. ಹಿರೇಮಠ ಕಾಕಾ ಮೂರು ಹೂಗುಚ್ಛ ಕಳಿಸಿದರು. ಆ ದಿನಗಳಲ್ಲಿ ನಾನು ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದೆನೆಂದು ಮಗ ಹೇಳುತ್ತಾನೆ. ಅದು ಸುಳ್ಳಲ್ಲ.

ಈಗ ಆ ಬೆಳಗು. ಸಮಿತಿಯ ಎದುರು ಅರ್ಜಿ ಬರೆಯುವ ದಿನ, ಹತ್ತು ಗಂಟೆಗೆ ಕೋಪರಿಯಲ್ಲಿ. ಹಿಂದಿನ ಗಾಡಿ ರದ್ದಾಗಿದ್ದರಿಂದ ಡೊಂಬಿವಲಿಯಲ್ಲಿ ಎರಡು ಗಾಡಿಗಳ ಮಂದಿ ಇದ್ದರು. ನಾನು ಮುಂದಿನ ಸಾಲಿನಲ್ಲಿದ್ದೆ. ಗಾಡಿ ಬಂತು, ಬಾಗಿಲು ನನ್ನ ಮುಂದೆಯೇ ನಿಂತಿತು, ಹಸಿರು ಬಳೆಯ ಕೈ ಹೊರಗೆ ಬಂತು. ಹಿಡಿದೆ. ಒಳಗಿನವರು ಬೈದರು, ಹಿಂದಿನವರು ನೂಕಿದರು. ಹಿಂದಿನ ಇಬ್ಬರು ನನ್ನ ಬೆನ್ನಿಗೆ ಅಂಟಿಕೊಂಡೇ ಹತ್ತಿದರು. ಗಾಡಿ ಹೊರಟಿತು. ಒಳಗೆ ಜಾಗ ಎಷ್ಟಿತ್ತೋ ಅಷ್ಟೇ ಇತ್ತು. ನಾನು ಒಳಗೆ ಇಟ್ಟ ಹೆಜ್ಜೆ ರೇಣುಕಾಳ ಹೆಜ್ಜೆ ಇದ್ದ ಜಾಗದಲ್ಲಿ.

ಅವಳು ಹೊರಗೆ ಹೋದಳು.

ಹಾಗೆ ಹೇಳಿದರೆ ಬಿದ್ದಳೆಂದು ತಿಳಿದೀರಿ. ಬೀಳಲಿಲ್ಲ. ಬಾಗಿಲ ನಡುವಿನ ಕಂಬವನ್ನು ಬಲಗೈಯಲ್ಲಿ ಹಿಡಿದಿದ್ದಳು, ಎಡಗಾಲಿನ ತುದಿ ಅಂಚಿನ ಮೇಲಿತ್ತು, ಉಳಿದ ಮೈ ಗಾಳಿಯಲ್ಲಿತ್ತು. ಅವಳ ಮುಖ ನನ್ನ ಕಡೆಗೇ ಇತ್ತು. ಹೆದರಿದ ಮುಖವಲ್ಲ ಅದು, ಕಷ್ಟದ ಲೆಕ್ಕವೊಂದನ್ನು ಮಾಡುತ್ತಿರುವ ಮುಖ. ಅವಳ ಹಿಂದೆ ಹಳಿಯ ಬದಿಯ ಕಂಬಗಳು ಬರುತ್ತಿದ್ದವು. ಒಂದು ಹೋಯಿತು, ಅವಳ ಓಢಣಿಯ ತುದಿಗೆ ತಾಗಿ. ಇನ್ನೊಂದು ಹೋಯಿತು. ಯಾರೋ “ಸಾಖಳೀ ಓಢಾ” ಎಂದು ಚೈನು ಎಳೆಯಲು ಕೂಗುತ್ತಿದ್ದರು, ಚೈನಿನ ತನಕ ಯಾರ ಕೈಯೂ ಹೋಗುತ್ತಿರಲಿಲ್ಲ. ಶೋಭಾತಾಈ ಸೀಟಿನಿಂದ ಎದ್ದದ್ದನ್ನು ನಾನು ನೋಡಲಿಲ್ಲ. ಸೊಪ್ಪು ಮಾತ್ರ ಹಾರಿ ನನ್ನ ಮುಖಕ್ಕೆ ಬಿತ್ತು. ಅಷ್ಟರಲ್ಲಿ ಅವರ ಎರಡೂ ಕೈ ರೇಣುಕಾಳ ಬೆನ್ನ ಮೇಲಿನ ಬ್ಯಾಗಿನ ಪಟ್ಟಿಯಲ್ಲಿದ್ದವು. ಅವರ ಸೊಂಟವನ್ನು ಇನ್ನಿಬ್ಬರು ಹಿಡಿದಿದ್ದರು. ನನ್ನ ಚೀಲದಿಂದ ಚೂರುಗಳು ಉದುರಿ ಬಾಗಿಲಾಚೆ ಹಾರಿದವು. ದಿವಾ ಹತ್ತಿರವಾಗುತ್ತ ಗಾಡಿ ನಿಧಾನವಾಯಿತು. ಆಗ ಅವಳನ್ನು ಒಳಗೆ ಎಳೆದುಕೊಂಡರು.

ಎಷ್ಟು ಕಂಬಗಳು ಎಂದು ದಿನವೂ ಎಣಿಸುತ್ತೇನೆ. ಒಮ್ಮೆ ನಾಲ್ಕು ಬರುತ್ತವೆ, ಒಮ್ಮೆ ಹನ್ನೊಂದು.

ಒಳಗೆ ಬಿದ್ದವಳು ಎದ್ದು ಕೂತು ಕೇಳಿದ ಮೊದಲ ಮಾತು, “ಟೈಮ್ ಎಷ್ಟಾತ್ರಿ, ಮ್ಯಾಡಮ್?” ಅವಳು ನನ್ನೊಡನೆ ಪೂರ್ತಿ ಕನ್ನಡದಲ್ಲಿ ಆಡಿದ ಮೊದಲ ವಾಕ್ಯವೂ ಅದೇ. ನಾನು ಗಡಿಯಾರ ನೋಡಿದೆ. ಮುಳ್ಳುಗಳು ಕಾಣುತ್ತಿದ್ದವು, ಗಂಟೆ ಎಷ್ಟೆಂದು ತಿಳಿಯುತ್ತಿರಲಿಲ್ಲ.

ಶೋಭಾತಾಈ ನನ್ನ ಭುಜ ಹಿಡಿದು ಅಲುಗಿಸಿದರು. ಅವರ ಧ್ವನಿಯಲ್ಲಿ ಸಿಟ್ಟಿತ್ತು. ಮರಾಠಿ ಹಿಂದಿ ಕಲಸಿ ಹೇಳಿದರು: ಈ ಹುಡುಗಿ ದಿನಾ ಬದಲಾಪುರದಲ್ಲಿ ಎಲ್ಲರಿಗಿಂತ ಮೊದಲು ಹತ್ತಿ ನನ್ನ ಪಕ್ಕದ ಕಿಟಕಿ ಸೀಟು ಹಿಡಿಯುತ್ತಾಳೆ. ಡೊಂಬಿವಲಿಗೆ ಮುಂಚಿನ ಕಲ್ಯಾಣ ಬಂತೆಂದರೆ ಎದ್ದುಬಿಡುತ್ತಾಳೆ. ಈ ಗರ್ದಿಯಲ್ಲಿ ನೂಕಿಕೊಂಡು ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ಕೂರು ಅಂದರೆ, ಮ್ಯಾಡಮ್ ನೀಚೇ ರಹ ಜಾಏಂಗೀ, ನಾನು ಹೋಗದಿದ್ದರೆ ಅವರು ಕೆಳಗೇ ಉಳಿಯುತ್ತಾರೆ ಅನ್ನುತ್ತಾಳೆ. “ತುಮ್ಹಾಲಾ ಮಾಹಿತ ನವ್ಹತಂ?”

ಗೊತ್ತಿರಲಿಲ್ಲ. ಅವಳಿಗೂ ಜಾಗ ಸಿಗದೆ ಬಾಗಿಲಲ್ಲಿ ನಿಲ್ಲುತ್ತಾಳೆಂದು ನಾನು ನಾಲ್ಕು ತಿಂಗಳು ತಿಳಿದಿದ್ದೆ. ತಿಳಿದಿದ್ದೆ ಎನ್ನುವುದೂ ದೊಡ್ಡ ಮಾತು. ಆ ಬಗ್ಗೆ ಯೋಚಿಸಿಯೇ ಇರಲಿಲ್ಲ. ತಗಡಿನ ಗೋಡೆಗೆ ಬೆನ್ನು ಕೊಟ್ಟು ಚೂರು ಹಿಡಿಯುತ್ತಿದ್ದ ನನ್ನ ಎದುರು ನಿಂತವಳ ಬೆನ್ನಿಗೆ ಏನಿತ್ತು ಎಂದು ಒಮ್ಮೆಯಾದರೂ ನೋಡಬೇಕಿತ್ತು. ತೆರೆದ ಬಾಗಿಲು ಇತ್ತು. ನಾಲ್ಕು ತಿಂಗಳು, ವಾರಕ್ಕೆ ಐದು ದಿನ, ನಾನು ಅವಳನ್ನು ಅಲ್ಲಿ ನಿಲ್ಲಿಸಿ ಅಕ್ಷರ ತಿದ್ದಿಸಿದ್ದೆ.

ಠಾಣೆಯಲ್ಲಿ ಇಳಿದೆವು. ಆಸ್ಪತ್ರೆಗೆ ಹೋಗೋಣ ಎಂದೆ. “ಬ್ಯಾಡ್ರಿ. ಮೊದಲು ಸಂಘ” ಎಂದಳು. ಅವಳ ಒಂದು ಚಪ್ಪಲಿ ಹಳಿಯ ಮೇಲೆ ಉಳಿದಿತ್ತು. ಸೇತುವೆಯ ಕೆಳಗಿನ ಅಂಗಡಿಯಲ್ಲಿ ರಬ್ಬರಿನ ಜೋಡಿ ಕೊಂಡೆವು. ಅಂಗಡಿಯವನು ಬಣ್ಣ ಯಾವುದು ಬೇಕೆಂದು ಕೇಳಿದಾಗ ನಾನು ಅಳತೊಡಗಿದೆ. ರೇಣುಕಾ ಅವನಿಗೆ “ನೀಲಾ” ಎಂದು ಹೇಳಿ, ನನ್ನ ಮೊಣಕೈ ಹಿಡಿದು ಕೋಪರಿಯ ಕಡೆಗೆ ನಡೆಸಿಕೊಂಡು ಹೋದಳು.

ಗೋದಾಮಿನ ಮೇಲಿನ ಕೋಣೆಯಲ್ಲಿ ಹಿರೇಮಠ ಕಾಕಾ ಮತ್ತಿಬ್ಬರು ಹಿರಿಯರು ಕೂತಿದ್ದರು. ರೇಣುಕಾಳ ಮುಂದೆ ಕಾಗದ ಇಟ್ಟರು. ಅವಳು ಪೆನ್ನು ಎತ್ತಿದಳು. ಬಲ ಮಣಿಕಟ್ಟು ಆಗಲೇ ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು. ಪೆನ್ನು ಬೆರಳಿನಿಂದ ಜಾರಿ ಬಿತ್ತು. ಮತ್ತೆ ಎತ್ತಿದಳು, ಮತ್ತೆ ಬಿತ್ತು.

“ಕೈಗೆ ಏನಾತವಾ?” ಕಾಕಾ ಕೇಳಿದರು.

“ಉಳುಕೇತ್ರಿ. ಗರ್ದಿ ಇತ್ರಿ.” ಅವಳು ನನ್ನ ಕಡೆ ನೋಡದೆ ಹೇಳಿದಳು.

ಅವಳು ನನ್ನನ್ನು ಕಾಪಾಡುತ್ತಿದ್ದಾಳೆಂದು ಗೊತ್ತಾಯಿತು. ನಾನೂ ಬಾಯಿ ಬಿಡಲಿಲ್ಲ. ಕಾಕಾ ಕೆಟ್ಟವರಲ್ಲ, ಆದರೆ ಬ್ಯಾಂಕಿನಿಂದ ನಿವೃತ್ತರಾದವರು. “ತನ್ನ ಕೈಲೇ ಬರೀಬೇಕು ಅಂತ ನಿಯಮ ಐತಿ, ವಿಜಯಾಬಾಯಿ. ನೀವೇ ಮಾಡಿದ್ದು. ಮುಂದಿನ ವರ್ಷ ನೋಡೋಣೇನು?” ಎಂದರು. ಮುಂದಿನ ವರ್ಷದ ಹೊತ್ತಿಗೆ ಅವಳು ತಳೋಜಾದಲ್ಲಿ ಡಬ್ಬಗಳಿಗೆ ಅಂಟುಪಟ್ಟಿ ಹಚ್ಚುತ್ತಿರುತ್ತಾಳೆ.

“ನಿಯಮ ತೆಗೆದುಬಿಡ್ರಿ, ಕಾಕಾ,” ಎಂದೆ.

“ಹಾಂಗ ಹ್ಯಾಂಗ ತೆಗೆಯೋದು?”

“ನಾನು ಎದ್ದು ನಿಂತಾಗ ಹ್ಯಾಂಗ ಹಾಕಿದ್ರಿ, ಹಂಗ.”

ನನ್ನ ಧ್ವನಿ ಕೇಳಿ ಅವರು ಕನ್ನಡಕ ತೆಗೆದರು. ಪಕ್ಕದ ಹಿರಿಯರೊಬ್ಬರು, ಓದಿ ತೋರಿಸಲಿ, ಕೈ ವಾಸಿಯಾದ ಮೇಲೆ ಬರೆದು ಕೊಡಲಿ ಎಂದರು. ರೇಣುಕಾ ಅರ್ಜಿಯ ಫಾರ್ಮನ್ನು ಮೊದಲಿನಿಂದ ಕೊನೆಯ ತನಕ ಓದಿದಳು. ಎಲ್ಲಿಯೂ ತಡೆಯಲಿಲ್ಲ. ಕಾಕಾ ಸಂತೋಷದಿಂದ ಮೇಜು ಕುಟ್ಟಿ, “ಇದು ನೋಡ್ರಿ ಲೋಕಲ್ ಶಾಲೆ. ವಾರ್ಷಿಕೋತ್ಸವದಾಗ ವೇದಿಕೆ ಮ್ಯಾಲೆ ಹೇಳಬೇಕು ನೀವು” ಎಂದರು. ನಾನು ಹೊರಗೆ ಹೋಗಿ ಗೋದಾಮಿನ ಮೆಟ್ಟಿಲ ಮೇಲೆ ಕೂತೆ.

ವೇತನ ಮಂಜೂರಾಯಿತು. ಎಲುಬಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಪಟ್ಟಿ ಕಟ್ಟಿದರು. ಆಸ್ಪತ್ರೆಯ ಬಾಗಿಲಲ್ಲಿ ರೇಣುಕಾ, “ಮನ್ಯಾಗ ಹೇಳಬ್ಯಾಡ್ರಿ ಮ್ಯಾಡಮ್. ಕಾಲೇಜಿನ ಪಾವಟಿಗಿ ಮ್ಯಾಲೆ ಜಾರಿದೆ ಅಂತೀನಿ. ಅಪ್ಪಗ ಗೊತ್ತಾದ್ರ ಗಾಡಿ ಬಂದ್, ಕಾಲೇಜೂ ಬಂದ್” ಎಂದಳು. ಆಗಲಿ ಎಂದುಬಿಟ್ಟೆ.

ಪತ್ರವನ್ನು ತಾಯಿಗೆ ಒಯ್ಯುವ ಭಾನುವಾರ ಬಂತು. ಅದರ ಹಿಂದಿನ ಎರಡು ರಾತ್ರಿ ನನಗೆ ನಿದ್ದೆ ಇರಲಿಲ್ಲ. ಹೇಳಿದರೆ ಹುಡುಗಿಯ ಓದು ನಿಲ್ಲಬಹುದು. ಹೇಳದಿದ್ದರೆ, ಮಗಳು ಯಾವ ಅಂಚಿನಿಂದ ಮರಳಿ ಬಂದಳೆಂದು ತಿಳಿಯದ ತಾಯಿಯ ಕೈಯಿಂದ ನಾನು ಸಹಿ ತೆಗೆದುಕೊಳ್ಳಬೇಕು. ತೆಂಗಿನಕಾಯಿ, ಖಣ, ಪತ್ರ ಹಿಡಿದು ಬದಲಾಪುರದ ಗಾಡಿ ಹತ್ತಿದೆ. ಉಲ್ಟಾ ದಿಕ್ಕು, ಭಾನುವಾರ ಬೇರೆ. ಡಬ್ಬಿ ಖಾಲಿ ಇತ್ತು. ಈ ಖಾಲಿ ಡಬ್ಬಿಯಲ್ಲಿ ಪ್ರತಿ ವಾರ ಕಾಲು ಚಾಚಿಕೊಂಡು ಬರಬಹುದಿತ್ತು.

ಕಟ್ಟುತ್ತಿರುವ ಕಟ್ಟಡದ ಹಿಂದೆ ತಗಡಿನ ಸಾಲುಮನೆಗಳು. ನಾಗಮ್ಮ ನನ್ನಷ್ಟೇ ವಯಸ್ಸಿನವಳು, ನೋಡಲು ಹತ್ತು ವರ್ಷ ದೊಡ್ಡವಳು. ರೇಣುಕಾ ಚಹಾಕ್ಕೆ ಹಾಲು ತರಲು ಹೋಗಿದ್ದಳು. ನಾಗಮ್ಮ ಚಾಪೆ ಹಾಸಿ, “ಬರ್ರಿ ಅಕ್ಕೋರ” ಎಂದಳು. ನಲವತ್ತು ವರ್ಷದ ನಂತರ ಆ ಶಬ್ದವನ್ನು ನನ್ನನ್ನೇ ಕರೆಯಲು ಬಳಸಿದ್ದು ಕೇಳಿದೆ. ಕೂರಲಾಗಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಬಾಗಿಲು, ಕೈ, ಕಂಬಗಳು, ಕಿಟಕಿಯ ಸೀಟು. ನಡುವೆ ನಿಲ್ಲಲಿಲ್ಲ, ನಿಂತರೆ ಮುಂದುವರಿಯಲಾರೆನೆಂದು ಗೊತ್ತಿತ್ತು.

ನಾಗಮ್ಮ ಖಣದ ಅಂಚನ್ನು ಮಡಚುತ್ತ, ಬಿಡಿಸುತ್ತ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

“ಆಕಿ ಕೈ ನೀವು ಹಿಡದಿದ್ರೇನ್ರಿ?”

ನಿಮಗೂ ನಾನು ಈ ತನಕ ಇದನ್ನು ಹೇಳಿಲ್ಲ. ಗಾಡಿ ಹತ್ತುವವರೆಲ್ಲ ಮಾಡುವುದನ್ನೇ ನಾನೂ ಮಾಡಿದ್ದೆ. ಕಾಲು ಒಳಗೆ ಊರಿದ ಕೂಡಲೇ ಎಳೆದವರ ಕೈ ಬಿಟ್ಟು ಮೇಲಿನ ಹಿಡಿಕೆ ಹಿಡಿಯುವುದು. ನಾಲ್ಕು ತಿಂಗಳು ದಿನವೂ ಹಾಗೇ ಬಿಟ್ಟಿದ್ದೆ. ಅಂದೂ ಬಿಟ್ಟೆ. ಅವಳು ಹೊರಗಿದ್ದಷ್ಟು ಹೊತ್ತೂ ನನ್ನ ಎರಡು ಕೈಗಳು ಹಿಡಿಕೆಯನ್ನು ಬಿಗಿಹಿಡಿದಿದ್ದವು. ತೆಗೆಯಬೇಕೆಂದು ನಾನು ಅವುಗಳಿಗೆ ಹೇಳುತ್ತಿದ್ದೆ. ಅವು ಬರಲಿಲ್ಲ.

“ಇಲ್ಲ,” ಎಂದೆ. “ಶೋಭಾತಾಈ ಅಂತ ಒಬ್ಬರು ಹಿಡಿದರು.”

ನಾಗಮ್ಮ ತಲೆಯಾಡಿಸಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಪತ್ರವನ್ನು ಮುಂದಕ್ಕೆ ಎಳೆದುಕೊಂಡು, ಎಲ್ಲಿ ಹೆಬ್ಬೆಟ್ಟು ಒತ್ತಬೇಕೆಂದು ತೋರಿಸಲು ಹೇಳಿದಳು. ಒತ್ತಿದಳು. ಬೆರಳಿನ ಮಸಿಯನ್ನು ಗೋಡೆಗೆ ಒರೆಸಿಕೊಂಡು ಹೇಳಿದಳು:

“ಆಕಿ ಅಪ್ಪಗ ನಾ ಹೇಳೂದಿಲ್ರಿ. ಹೇಳಿದ್ರ ಸಾಲಿ ಬಿಡಸ್ತಾನ. ಆದ್ರ ನಾಳಿಂದ ಆಕಿ ಕುಂತಲ್ಲೇ ಕುಂದರ್ತಾಳ. ನೀವು ಬ್ಯಾರೆ ಗಾಡಿ ಹಿಡೀರಿ.”

“ಪಾಠ?”

“ನೀವು ಐತವಾರ ಇಲ್ಲಿಗೇ ಬರ್ರಲ್ಲ. ಈಗ ಬಂದೀರಲ್ಲ, ಹಂಗ.”

ಹಾಲು ತಂದ ರೇಣುಕಾ ನಮ್ಮಿಬ್ಬರ ಮುಖ ನೋಡಿ ಹೊಸ್ತಿಲಲ್ಲೇ ನಿಂತಳು. ತಾಯಿ ಅವಳಿಗೆ ಇನ್ನೊಂದು ಕರಾರು ಹಾಕಿದಳು: ದಿನಾ ಗಾಡಿ ಕಲ್ಯಾಣ ಬಿಟ್ಟ ಮೇಲೆ ಕೂತಿದ್ದೇನೆಂದು ಅಕ್ಕೋರಿಗೆ ಮೊಬೈಲಿನಲ್ಲಿ ಬರೆಯಬೇಕು. “ಬರಿಯಾಕ ಬರತೈತಲ್ಲ ಈಗ?” ಎಂದಳು. ರೇಣುಕಾ ನನ್ನತ್ತ ಒಮ್ಮೆ ಸಿಟ್ಟಿನಿಂದ ನೋಡಿ, ಒಲೆಯ ಮೇಲೆ ಚಹಾ ಇಟ್ಟಳು.

ಈಗ ನಾನು ಡೊಂಬಿವಲಿಯಿಂದಲೇ ಹೊರಡುವ ಗಾಡಿಯಲ್ಲಿ ಹೋಗುತ್ತೇನೆ. ಕೂರಲು ಜಾಗ ಸಿಗುತ್ತದೆ. ಬಾಗಿಲ ಕಡೆ ಮುಖ ಮಾಡಿ ಕೂರಲು ಇನ್ನೂ ಆಗುವುದಿಲ್ಲ. ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತೇನೆ. ಎಂಟೂ ಮೂವತ್ತರ ಆಸುಪಾಸಿಗೆ ಒಂದೇ ಶಬ್ದ ಬರುತ್ತದೆ: ಕುಂತೀನಿ. ಬಂದ ಮೇಲೆ ನನ್ನ ಉಸಿರು ಸರಿಯಾಗುತ್ತದೆ.

ನಿನ್ನೆ ಬರಲಿಲ್ಲ. ಎಂಟೂ ಮೂವತ್ತೈದಾಯಿತು, ನಲವತ್ತಾಯಿತು. ಪಕ್ಕದ ಹಳಿಯಲ್ಲಿ ಫಾಸ್ಟ್ ಗಾಡಿಯೊಂದು ನಮ್ಮನ್ನು ದಾಟಿ ಹೋಯಿತು. ಬಾಗಿಲುಗಳ ತುಂಬ ಓಢಣಿಗಳು, ಯಾರ ಮುಖವೂ ಕಾಣಲಿಲ್ಲ. ನನ್ನ ಎದುರು ಕೂತವಳು, ಮೈಗೆ ಹುಷಾರಿಲ್ಲವೇ ಎಂದು ಕೇಳಿದಳು. ಫೋನು ಮಾಡಲು ಬೆರಳು ಏಳಲಿಲ್ಲ. ಠಾಣೆಗೆ ಮುಂಚಿನ ಕಳವಾ ದಾಟುವಾಗ ಮೊಬೈಲು ಮಿನುಗಿತು.

“ನಿಂತೀನಿ. ಬಸುರಿ ಒಬ್ಬಾಕಿ ಬಂದ್ಲು, ಸೀಟ್ ಕೊಟ್ಟೆ. ಒಳಗ ನಿಂತೀನಿ. ಒಳಗ.”